ಹ್ಯಾಸ್ಕೆಲ್‌ನಲ್ಲಿ ನಾವು ನೆಚ್ಚಿದ ಪ್ಯಾಕೇಜ್‌ಗಳು, ನಮ್ಮನ್ನು ನೆಚ್ಚಿದ ಪ್ಯಾಕೇಜ್‌ಗಳು: ಎರಡರ ಮೇಲೂ ಕಣ್ಣಿಡಲು ಸಮಗ್ರ ಮಾರ್ಗದರ್ಶಿ

2021ರ ಕೊನೆಯ ತಿಂಗಳುಗಳಲ್ಲಿ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುತ್ತಿದ್ದ ಅನೇಕರ ಪರದೆಯ ಮೇಲೆ ಒಂದೇ ಜಾತಿಯ ಟೈಪ್ ದೋಷ ಕಾಣಿಸಿಕೊಂಡಿತು. ಕಂಪೈಲರ್ ‘ಕೀಮ್ಯಾಪ್’ ಕೊಡಿ ಎನ್ನುತ್ತಿತ್ತು, ಕೋಡ್ ‘ಹ್ಯಾಶ್‌ಮ್ಯಾಪ್’ ಮುಂದಿಡುತ್ತಿತ್ತು. ಎರಡೂ ಕೀಲಿಗೊಂದು ಬೆಲೆಯನ್ನು ಜೋಡಿಸಿಡುವ ದತ್ತಾಂಶ ರಚನೆಗಳು. ಜೇಸನ್ ದತ್ತಾಂಶವನ್ನು ಓದಲು, ಬರೆಯಲು ಹ್ಯಾಸ್ಕೆಲ್ ಲೋಕದಲ್ಲಿ ಬಹುಪಾಲು ಜನ ಬಳಸುವ ಈಸನ್ ಪ್ಯಾಕೇಜ್ ಆಗ ತಾನೇ 2.0ಕ್ಕೆ ಏರಿತ್ತು. ಒಂದೇ ಹ್ಯಾಶ್ ಬೆಲೆಗೆ ಬೀಳುವಂತೆ ಬೇಕೆಂದೇ ಆಯ್ದ ಕೀಲಿಗಳನ್ನು ಕಳುಹಿಸಿ ಸರ್ವರ್ ಅನ್ನು ದಣಿಸಬಹುದು ಎಂಬ ದೌರ್ಬಲ್ಯ ಅದೇ ವರ್ಷ ಬಯಲಾಗಿದ್ದರಿಂದ, ಈಸನ್‌ನ ನಿರ್ವಾಹಕರು ಒಳಗಿನ ಹ್ಯಾಶ್‌ಮ್ಯಾಪ್ ಅನ್ನು ‘ಕೀಮ್ಯಾಪ್’ ಎಂಬ ಹೊಸ ಟೈಪ್‌ನ ಹಿಂದೆ ಮರೆಮಾಡಿದರು. ಬದಲಾವಣೆ ಸರಿಯಾದದ್ದೇ. ಆದರೆ ಆ ಒಂದು ಟೈಪ್ ಅನ್ನು ನೇರವಾಗಿ ಮುಟ್ಟುತ್ತಿದ್ದ ಪ್ಯಾಕೇಜ್‌ಗಳು, ಅವುಗಳನ್ನು ನೆಚ್ಚಿದ ಪ್ಯಾಕೇಜ್‌ಗಳು, ಮತ್ತೆ ಅವುಗಳ ಮೇಲೆ ನಿಂತವು ಹೀಗೆ ಸಾಲಾಗಿ ಎಲ್ಲವೂ ತಿದ್ದುಪಡಿಗೆ ಒಳಗಾಗಬೇಕಾಯಿತು.

ಆ ದಿನಗಳಲ್ಲಿ ಕೆಲವರು ಒಂದು ಸಂಜೆಯಲ್ಲಿ ಕೆಲಸ ಮುಗಿಸಿಕೊಂಡರು, ಕೆಲವರು ವಾರಗಟ್ಟಲೆ ಒದ್ದಾಡಿದರು. ವ್ಯತ್ಯಾಸ ಇದ್ದದ್ದು ಜಾಣತನದಲ್ಲಲ್ಲ. ತಾವು ಯಾರನ್ನು ನೆಚ್ಚಿದ್ದೇವೆ, ತಮ್ಮನ್ನು ಯಾರು ನೆಚ್ಚಿದ್ದಾರೆ, ಯಾವ ಆವೃತ್ತಿಯವರೆಗೆ ನೆಚ್ಚಿದ್ದಾರೆ ಎಂಬ ಲೆಕ್ಕವನ್ನು ಕೆಲವರು ಮೊದಲೇ ಇಟ್ಟುಕೊಂಡಿದ್ದರು. ಆ ಲೆಕ್ಕ ಇಡುವ ಬಗೆಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸುತ್ತೇನೆ. ನಮ್ಮನ್ನು ನೆಚ್ಚಿದ ಪ್ಯಾಕೇಜ್‌ಗಳಿಗೆ ರಿವರ್ಸ್ ಡಿಪೆಂಡೆನ್ಸಿ ಎಂದು ಹೆಸರು. ಈ ಬರಹದಲ್ಲಿ ಅವನ್ನು ಹಿಮ್ಮುಖ ಅವಲಂಬನೆ ಎಂದು ಕರೆಯುತ್ತೇನೆ. ಕಮಾಂಡ್‌ಗಳನ್ನೂ ಪ್ಯಾಕೇಜ್‌ಗಳ ಹೆಸರುಗಳನ್ನೂ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ; ಟರ್ಮಿನಲ್‌ನಲ್ಲಿ ಅವನ್ನು ರೋಮನ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲು ಆವೃತ್ತಿ ಸಂಖ್ಯೆಯ ಅರ್ಥ ತಿಳಿದಿರಲಿ

ಹ್ಯಾಸ್ಕೆಲ್ ಪ್ಯಾಕೇಜ್‌ಗಳ ಕೇಂದ್ರ ಭಂಡಾರವಾದ ಹ್ಯಾಕೇಜ್‌ನಲ್ಲಿ ಆವೃತ್ತಿ ಸಂಖ್ಯೆಗಳು ಪಿವಿಪಿ (ಪ್ಯಾಕೇಜ್ ವರ್ಷನಿಂಗ್ ಪಾಲಿಸಿ) ಎಂಬ ನಿಯಮಾವಳಿಯನ್ನು ಅನುಸರಿಸಬೇಕೆಂಬ ನಿರೀಕ್ಷೆಯಿದೆ. ಬೇರೆ ಭಾಷೆಗಳಿಂದ ಬಂದವರು ಇಲ್ಲಿ ಎಡವುವುದು ಹೆಚ್ಚು, ಏಕೆಂದರೆ ಇಲ್ಲಿ ಮೊದಲ ಎರಡು ಸಂಖ್ಯೆಗಳೂ ಸೇರಿಯೇ ದೊಡ್ಡ ಆವೃತ್ತಿ. 1.4ರಿಂದ 1.5ಕ್ಕೆ ಹೋಗುವುದೆಂದರೆ ಹಳೆಯ ಕೋಡ್ ಮುರಿಯಬಹುದು ಎಂಬ ಘೋಷಣೆ. ಮೂರನೆಯ ಸಂಖ್ಯೆ ಏರಿದರೆ ಹೊಸ ಫಂಕ್ಷನ್‌ಗಳೋ ಟೈಪ್‌ಗಳೋ ಸೇರಿವೆ, ಇದ್ದದ್ದು ಹಾಗೇ ಉಳಿದಿದೆ ಎಂದರ್ಥ. ನಾಲ್ಕನೆಯದು ಮಾತ್ರ ಏರಿದರೆ ಹೊರಮೈ ಬದಲಾಗಿಲ್ಲ, ಒಳಗಿನ ದೋಷವೋ ದಾಖಲೆಯೋ ತಿದ್ದಲ್ಪಟ್ಟಿದೆ ಎಂದರ್ಥ. ಹಾಗಾಗಿ ಒಂದು ಅವಲಂಬನೆಯ ಮುಂದೆ ‘^>= 2.1.3’ ಎಂದು ಬರೆದರೆ, 2.1.3 ಅಥವಾ ಅದಕ್ಕಿಂತ ಹೊಸದು, ಆದರೆ 2.2ಕ್ಕಿಂತ ಕಡಿಮೆ (ಇದೇ ಮೇಲ್ಮಿತಿ) ಎಂದಾಗುತ್ತದೆ. ಕ್ಯಾಬಲ್ ಎಂಬುದು ಹ್ಯಾಸ್ಕೆಲ್‌ನ ಬಿಲ್ಡ್ ಉಪಕರಣ; ಪ್ಯಾಕೇಜ್‌ನ ವಿವರ, ಅವಲಂಬನೆಗಳು ಅದರ ಕ್ಯಾಬಲ್ ಫೈಲ್‌ನಲ್ಲಿರುತ್ತವೆ. ಈ ಗುರುತನ್ನು ಬಳಸಲು ಆ ಫೈಲ್‌ನ ಮೊದಲ ಸಾಲಿನಲ್ಲಿ ಕ್ಯಾಬಲ್ ಆವೃತ್ತಿ 2.0 ಅಥವಾ ಅದಕ್ಕಿಂತ ಹೊಸದೆಂದು ನಮೂದಿಸಿರಬೇಕು.

ಈ ನಿಯಮ ಎಷ್ಟು ಮುಖ್ಯವೆಂಬುದನ್ನು ನಾನು ತಪ್ಪು ಮಾಡಿಯೇ ಕಲಿತೆ. ನನ್ನ ಪುಟ್ಟ ಪ್ಯಾಕೇಜ್ ಒಂದರಲ್ಲಿ ಯಾರೂ ಬಳಸುತ್ತಿರಲಾರರು ಎಂದುಕೊಂಡು ಒಂದು ಫಂಕ್ಷನ್‌ನ ಹೆಸರು ಬದಲಿಸಿ, ಮೂರನೆಯ ಸಂಖ್ಯೆಯನ್ನಷ್ಟೇ ಏರಿಸಿ ಬಿಡುಗಡೆ ಮಾಡಿದ್ದೆ. ಸರಿಯಾದ ಮೇಲ್ಮಿತಿ ಬರೆದಿದ್ದ ಇಬ್ಬರ ಪ್ಯಾಕೇಜ್‌ಗಳು ಮರುದಿನವೇ ಕಂಪೈಲ್ ಆಗಲಿಲ್ಲ. ಅವರು ನಿಯಮ ಪಾಲಿಸಿದ್ದರು, ನಾನು ಪಾಲಿಸಿರಲಿಲ್ಲ. ಅಂದಿನಿಂದ ಬಿಡುಗಡೆಗೆ ಮುನ್ನ ಹಿಮ್ಮುಖ ಅವಲಂಬನೆಗಳ ಪಟ್ಟಿ ನೋಡದೆ ನಾನು ಯಾವುದನ್ನೂ ಹ್ಯಾಕೇಜ್‌ಗೆ ಏರಿಸಿಲ್ಲ.

ನಾವು ನೆಚ್ಚಿದವು ಎಲ್ಲಿಗೆ ಬಂದಿವೆ?

ಮೊದಲ ಹೆಜ್ಜೆ ಸುಲಭದ್ದು. ‘ಕ್ಯಾಬಲ್ ಅಪ್‌ಡೇಟ್’ ಎಂಬ ಕಮಾಂಡ್ ಕೊಟ್ಟರೆ ಹ್ಯಾಕೇಜ್‌ನ ಇಂಡೆಕ್ಸ್, ಅಂದರೆ ಎಲ್ಲ ಪ್ಯಾಕೇಜ್‌ಗಳ ಸೂಚಿ, ನಮ್ಮ ಯಂತ್ರಕ್ಕೆ ಇಳಿಯುತ್ತದೆ. ಅನಂತರ ಪ್ಯಾಕೇಜ್‌ನ ಡೈರೆಕ್ಟರಿಯಲ್ಲಿ ನಿಂತು ‘ಕ್ಯಾಬಲ್ ಔಟ್‌ಡೇಟೆಡ್’ ಎಂದು ಕೇಳಬೇಕು. ನಮ್ಮ ಕ್ಯಾಬಲ್ ಫೈಲ್‌ನಲ್ಲಿ ಬರೆದ ಮಿತಿಗಳಿಗೂ ಇಂಡೆಕ್ಸ್‌ನಲ್ಲಿರುವ ಅತಿ ಹೊಸ ಆವೃತ್ತಿಗಳಿಗೂ ತಾಳೆ ನೋಡಿ, ಹೊಸ ಆವೃತ್ತಿಯನ್ನು ಒಳಗೆ ಬಿಡದ ಮಿತಿಗಳನ್ನು ಅದು ಸಾಲಾಗಿ ತೋರಿಸುತ್ತದೆ. ‘ಈಸನ್ >=1.4 && <1.6’ ಎಂಬ ಮಿತಿ ಹಾಕಿದ್ದರೆ, ಆ ಸಾಲಿನ ಪಕ್ಕದಲ್ಲೇ ಈಗಿನ ಅತಿ ಹೊಸ ಆವೃತ್ತಿ ಯಾವುದೆಂದು ಆವರಣದಲ್ಲಿ ಕಾಣುತ್ತದೆ. ಅಪ್‌ಡೇಟ್ ಮಾಡದೆ ಕೇಳಿದರೆ ಹಳೆಯ ಇಂಡೆಕ್ಸ್‌ನ ಮೇಲೆ ಉತ್ತರ ಬರುತ್ತದೆ, ಆದ್ದರಿಂದ ಈ ಎರಡು ಕಮಾಂಡ್‌ಗಳನ್ನು ಸದಾ ಜೋಡಿಯಾಗಿಯೇ ಕೊಡಿ.

ಇಲ್ಲೊಂದು ಎಚ್ಚರಿಕೆ. ಮೇಲ್ಮಿತಿಯನ್ನೇ ಬರೆಯದಿದ್ದರೆ ಈ ಕಮಾಂಡ್ ಆ ಅವಲಂಬನೆಯ ಬಗ್ಗೆ ಎಂದೂ ಏನನ್ನೂ ಹೇಳುವುದಿಲ್ಲ, ಏಕೆಂದರೆ ಮಿತಿಯೇ ಇಲ್ಲದಿರುವಾಗ ಮೀರುವ ಪ್ರಶ್ನೆಯೂ ಇಲ್ಲ. ಅಂಥ ಮೌನವನ್ನು ಆರೋಗ್ಯವೆಂದು ತಿಳಿಯಬಾರದು. ಮೇಲ್ಮಿತಿ ಬೇಕೇ ಬೇಡವೇ ಎಂಬುದರ ಬಗ್ಗೆ ಹ್ಯಾಸ್ಕೆಲ್ ಬಳಗದಲ್ಲಿ ಹಳೆಯ ವಾದವೊಂದಿದೆ. ಗ್ರಂಥಾಲಯ (ಲೈಬ್ರರಿ, ಅಂದರೆ ಬೇರೆ ಕೋಡ್ ಬಳಸಲೆಂದು ಬರೆದ ಪ್ಯಾಕೇಜ್) ಬರೆಯುವವರು ಮೇಲ್ಮಿತಿ ಬರೆಯಲೇಬೇಕು ಎಂಬುದು ನನ್ನ ದೃಢ ನಿಲುವು. ಮಿತಿ ಇದ್ದಾಗ ಮಾತ್ರ ಈ ಉಪಕರಣಗಳು ನಮಗೆ ಮಾತು ಹೇಳಬಲ್ಲವು. ಮಿತಿಗಳನ್ನೇ ಹಾಕದ ಹಳೆಯ ಪ್ಯಾಕೇಜ್ ಕೈಗೆ ಬಂದಿದ್ದರೆ ‘ಕ್ಯಾಬಲ್ ಜೆನ್-ಬೌಂಡ್ಸ್’ ಎಂಬ ಕಮಾಂಡ್ ಈಗ ಆಯ್ಕೆಯಾಗಿರುವ ಆವೃತ್ತಿಗಳ ಆಧಾರದ ಮೇಲೆ ಮಿತಿಗಳನ್ನು ಸೂಚಿಸುತ್ತದೆ. ಅದನ್ನು ಆರಂಭವೆಂದು ತಿಳಿದು ಕೈಯಾರೆ ಪರಿಶೀಲಿಸಿ.

ಪ್ರತಿ ವಾರ ಇದನ್ನು ನೆನಪಿಟ್ಟು ಮಾಡುವುದು ಕಷ್ಟ. ‘ಔಟ್‌ಡೇಟೆಡ್’ ಕಮಾಂಡ್‌ಗೆ ‘--ಎಕ್ಸಿಟ್-ಕೋಡ್’ ಆಯ್ಕೆ ಕೊಟ್ಟರೆ, ಹಿಂದುಳಿದ ಮಿತಿ ಒಂದಿದ್ದರೂ ಅದು ಸೊನ್ನೆಯಲ್ಲದ ಸಂಕೇತದೊಂದಿಗೆ ಮುಗಿಯುತ್ತದೆ. ನಿಗದಿತ ದಿನಕ್ಕೊಮ್ಮೆ ತಾನೇ ಓಡುವ ಸಿಐ (ಕೋಡ್ ಅನ್ನು ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆ) ಕೆಲಸವೊಂದರಲ್ಲಿ ಇದನ್ನಿಟ್ಟರೆ ಮಿತಿ ಹಳೆಯದಾದ ವಾರವೇ ಕೆಂಪು ಗುರುತು ಬೀಳುತ್ತದೆ. ಬೇಕೆಂದೇ ಹಿಂದೆ ಉಳಿಸಿಕೊಂಡ ಪ್ಯಾಕೇಜ್‌ಗಳನ್ನು ‘--ಇಗ್ನೋರ್’ ಆಯ್ಕೆಯಿಂದ ಬಿಡಬಹುದು. ದೊಡ್ಡ ಆವೃತ್ತಿಯ ಜಿಗಿತವನ್ನು ಮಾತ್ರ ಕಡೆಗಣಿಸಿ ಚಿಕ್ಕ ಏರಿಕೆಗಳನ್ನು ತೋರಿಸಬೇಕಿದ್ದರೆ ‘--ಮೈನರ್’ ಇದೆ. ಆದರೆ ಈ ಕೆಲಸವನ್ನು ನಿಮ್ಮ ಮುಖ್ಯ ಪರೀಕ್ಷೆಗಳೊಂದಿಗೆ ಬೆರೆಸಬೇಡಿ. ಬೇರೆಯವರು ಹೊಸ ಆವೃತ್ತಿ ಬಿಟ್ಟ ಕಾರಣಕ್ಕೆ ನಿಮ್ಮ ಸಹೋದ್ಯೋಗಿಯ ಸರಿಯಾದ ತಿದ್ದುಪಡಿ ತಡೆಹಿಡಿಯಲ್ಪಡುವುದು ನ್ಯಾಯವಲ್ಲ.

ಹ್ಯಾಕೇಜ್‌ನಿಂದಲೇ ಸುದ್ದಿ ತರಿಸಿಕೊಳ್ಳುವುದು

ಹಲವು ವರ್ಷ ಈ ಕೆಲಸಕ್ಕೆ ಮೈಕೆಲ್ ಸ್ನೋಯ್ಮನ್ ಅವರು ರೂಪಿಸಿದ ಪ್ಯಾಕ್‌ಡೆಪ್ಸ್ ಎಂಬ ಸೇವೆ ಆಸರೆಯಾಗಿತ್ತು. ಯಾವ ಪ್ಯಾಕೇಜ್‌ನ ಮೇಲ್ಮಿತಿ ಯಾವ ಹೊಸ ಆವೃತ್ತಿಯನ್ನು ತಡೆಯುತ್ತಿದೆ ಎಂದು ಅದು ಪಟ್ಟಿ ಮಾಡುತ್ತಿತ್ತು, ಆರ್‌ಎಸ್‌ಎಸ್ ಫೀಡ್ ಕೊಡುತ್ತಿತ್ತು. ಈಗ ಅದರ ಬಹುಪಾಲು ಅನುಕೂಲ ಹ್ಯಾಕೇಜ್‌ನ ಒಳಗೇ ಇದೆ. ನಿರ್ವಾಹಕರಾಗಿ ನಿಮಗೆ ಹ್ಯಾಕೇಜ್ ಖಾತೆ ಇದ್ದರೆ, ಖಾತೆಯ ಸೂಚನೆಗಳ ಪುಟಕ್ಕೆ ಹೋಗಿ ಇಮೇಲ್ ಸೂಚನೆಗಳನ್ನು ಚಾಲೂ ಮಾಡಿ. ನೀವು ನಿರ್ವಹಿಸುವ ಪ್ಯಾಕೇಜ್‌ನ ಅವಲಂಬನೆಯೊಂದು ಹೊಸ ಆವೃತ್ತಿ ಬಿಟ್ಟಾಗ ಸುದ್ದಿ ಕಳುಹಿಸುವ ಆಯ್ಕೆ ಅಲ್ಲಿದೆ, ಮತ್ತು ಅದಕ್ಕೆ ಮೂರು ಹದಗಳಿವೆ: ಪ್ರತಿ ಬಾರಿಯೂ ತಿಳಿಸು, ಹೊಸ ಆವೃತ್ತಿ ನನ್ನ ಮಿತಿಯಿಂದ ಹೊರಗಿದ್ದರೆ ತಿಳಿಸು, ಹಿಂದಿನ ಆವೃತ್ತಿ ಮಿತಿಯೊಳಗಿದ್ದು ಹೊಸದು ಮೊದಲ ಬಾರಿಗೆ ಹೊರಬಿದ್ದಾಗ ಮಾತ್ರ ತಿಳಿಸು. ಮೂರನೆಯದನ್ನೇ ಆರಿಸಿ. ಮೊದಲನೆಯದನ್ನು ಆರಿಸಿದವರು ಅಂಚೆಪೆಟ್ಟಿಗೆ ತುಂಬಿದ ಮೇಲೆ ಯಾವುದನ್ನೂ ಓದದ ಸ್ಥಿತಿಗೆ ಬರುತ್ತಾರೆ. ಮೂರನೆಯದರಲ್ಲಿ ಬರುವ ಪ್ರತಿ ಪತ್ರವೂ ನೀವು ಮಾಡಲೇಬೇಕಾದ ಒಂದು ಕೆಲಸವನ್ನು ಹೇಳುತ್ತದೆ.

ಭದ್ರತೆಯ ವಿಷಯಕ್ಕೆ ಪ್ರತ್ಯೇಕ ಕಣ್ಣು ಬೇಕು. ಹ್ಯಾಸ್ಕೆಲ್‌ನ ಭದ್ರತಾ ಸ್ಪಂದನ ತಂಡ 2023ರಿಂದ ದೌರ್ಬಲ್ಯಗಳ ಸಾರ್ವಜನಿಕ ದಾಖಲೆಯನ್ನು ಗಿಟ್‌ಹಬ್‌ನಲ್ಲಿ ನಡೆಸುತ್ತಿದೆ. ಆ ದಾಖಲೆಯ ಮೊದಲ ನಮೂದಾದ ಎಚ್‌ಎಸ್‌ಇಸಿ-2023-0001 ಇರುವುದು ಮೇಲೆ ಹೇಳಿದ ಈಸನ್ ಹ್ಯಾಶ್ ದೌರ್ಬಲ್ಯದ ಬಗ್ಗೆಯೇ.

ಈ ಪ್ಯಾಕೇಜ್ ನನ್ನ ಮನೆಗೆ ಯಾರ ಕೈಹಿಡಿದು ಬಂತು?

ಹೊಸ ಆವೃತ್ತಿ ಬಂದಿದೆ ಎಂದು ತಿಳಿದ ಮೇಲೆ ಮುಂದಿನ ಪ್ರಶ್ನೆ, ಅದನ್ನು ನಾನೇ ನೇರವಾಗಿ ಬಳಸುತ್ತಿದ್ದೇನೆಯೇ ಅಥವಾ ಬೇರೊಬ್ಬರ ಮೂಲಕ ಬಂದಿದೆಯೇ ಎಂಬುದು. ಒಮ್ಮೆ ಬಿಲ್ಡ್ ಮಾಡಿದರೆ ‘ಡಿಸ್ಟ್-ನ್ಯೂಸ್ಟೈಲ್’ ಡೈರೆಕ್ಟರಿಯ ‘ಕ್ಯಾಶೆ’ ಒಳಗೆ ‘ಪ್ಲಾನ್.ಜೇಸನ್’ ಎಂಬ ಫೈಲ್ ಸಿದ್ಧವಾಗುತ್ತದೆ. ಸಾಲ್ವರ್ (ಎಲ್ಲರ ಮಿತಿಗಳಿಗೂ ಹೊಂದುವ ಆವೃತ್ತಿಗಳನ್ನು ಹುಡುಕುವ ಕ್ಯಾಬಲ್‌ನ ಭಾಗ) ಆಯ್ದ ಪ್ರತಿ ಪ್ಯಾಕೇಜ್, ಅದರ ಆವೃತ್ತಿ, ಅದು ಯಾವುದನ್ನು ನೆಚ್ಚಿದೆ ಎಂಬುದೆಲ್ಲ ಅದರಲ್ಲಿದೆ. ಅದನ್ನು ಮನುಷ್ಯರಿಗೆ ಅರ್ಥವಾಗುವಂತೆ ತೋರಿಸುವ ಉಪಕರಣ ‘ಕ್ಯಾಬಲ್-ಪ್ಲಾನ್’. ಅದರ ‘ಡಾಟ್’ ಉಪಕಮಾಂಡ್ ಅವಲಂಬನೆಗಳ ಜಾಲವನ್ನು ಗ್ರಾಫ್‌ವಿಜ್ ಚಿತ್ರವಾಗಿ ಬಿಡಿಸಲು ಬೇಕಾದ ಪಠ್ಯ ಕೊಡುತ್ತದೆ. ಅದಕ್ಕೆ ‘--ಟ್ರೆಡ್’ ಆಯ್ಕೆ ಸೇರಿಸುವುದನ್ನು ಮರೆಯಬೇಡಿ. ಬೇರೊಂದು ದಾರಿಯಿಂದ ಹೇಗೂ ಸಿಗುವ ಗೆರೆಗಳನ್ನು ಅದು ಅಳಿಸುವುದರಿಂದ ಚಿತ್ರ ಓದುವಂತಾಗುತ್ತದೆ. ‘--ರೆವ್‌ಡೆಪ್’ ಆಯ್ಕೆಗೆ ಈಸನ್ ಹೆಸರು ಕೊಟ್ಟರೆ, ನಿಮ್ಮ ಬಿಲ್ಡ್‌ನೊಳಗೆ ಅದನ್ನು ಎಳೆದು ತಂದ ದಾರಿಗಳು ಎದ್ದು ಕಾಣುತ್ತವೆ. ‘ಕ್ಯಾಬಲ್-ಪ್ಲಾನ್ ಡಿಫ್’ ಹಳೆಯ ಪ್ಲಾನ್‌ಗೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುತ್ತದೆ. ಕ್ಯಾಬಲ್ ಬದಲು ಸ್ಟ್ಯಾಕ್ ಎಂಬ ಬಿಲ್ಡ್ ಉಪಕರಣ ಬಳಸುವವರಿಗೆ ‘ಸ್ಟ್ಯಾಕ್ ಎಲ್ಎಸ್ ಡಿಪೆಂಡೆನ್ಸೀಸ್’ ಇದೆ.

ಅನಂತರ ಪ್ರಯೋಗ. ಕ್ಯಾಬಲ್ ಫೈಲ್ ಮುಟ್ಟದೆ, ‘ಕ್ಯಾಬಲ್ ಬಿಲ್ಡ್’ ಕಮಾಂಡ್‌ಗೆ ‘--ಅಲೌ-ನ್ಯೂಯರ್=ಈಸನ್’ ಎಂಬ ಆಯ್ಕೆಯನ್ನೂ, ಹೊಸ ಆವೃತ್ತಿಯನ್ನೇ ಆಯ್ದುಕೊಳ್ಳಬೇಕೆಂಬ ‘--ಕನ್‌ಸ್ಟ್ರೇಂಟ್’ ಆಯ್ಕೆಯನ್ನೂ ಸೇರಿಸಿ, ಮೊದಲು ‘--ಡ್ರೈ-ರನ್’ ಜೊತೆಗೆ ಓಡಿಸಿ. ಎರಡನೆಯ ಆಯ್ಕೆ ಬಿಟ್ಟರೆ ಸಾಲ್ವರ್ ಹಳೆಯ ಆವೃತ್ತಿಯನ್ನೇ ಆರಿಸಿರಬಹುದು. ಆಗ ಎಲ್ಲವೂ ಹಸಿರಾಗಿ ಕಂಡರೂ ನೀವು ಏನನ್ನೂ ಪರೀಕ್ಷಿಸಿರುವುದಿಲ್ಲ. ಪ್ಲಾನ್ ಸರಿ ಕಂಡ ಮೇಲೆ ಬಿಲ್ಡ್ ಮಾಡಿ, ಪರೀಕ್ಷೆಗಳನ್ನು ಓಡಿಸಿ.

ಮುರಿದದ್ದನ್ನು ಸರಿಪಡಿಸುವ ಕೆಲಸ ಎರಡು ತರದ್ದು. ಎಂಟಿಎಲ್ ಪ್ಯಾಕೇಜ್ 2022ರಲ್ಲಿ 2.3ಕ್ಕೆ ಬಂದಾಗ, ಅದರ ಮಾಡ್ಯೂಲ್‌ಗಳು ‘ಕಂಟ್ರೋಲ್.ಮೊನಾಡ್’ ಅನ್ನು ಮರುರಫ್ತು ಮಾಡುವುದನ್ನು ನಿಲ್ಲಿಸಿದವು. ‘ವೆನ್’, ‘ಫಾರ್‌ಎಮ್_’ ಮುಂತಾದವು ಕಾಣುತ್ತಿಲ್ಲ ಎಂದು ಕಂಪೈಲರ್ ದೂರಿತು. ಇದಕ್ಕೆ ಒಂದು ಇಂಪೋರ್ಟ್ ಸಾಲು ಸೇರಿಸಿದರೆ ಹಳೆಯ ಆವೃತ್ತಿಗೂ ಹೊಸದಕ್ಕೂ ಒಂದೇ ಕೋಡ್ ಸಾಕು. ಈಸನ್ 2.0 ಹಾಗಲ್ಲ, ಎರಡನ್ನೂ ಬೆಂಬಲಿಸಬೇಕಿದ್ದವರು ‘ಮಿನ್_ವರ್ಷನ್_ಈಸನ್(2,0,0)’ ಎಂಬ ಮ್ಯಾಕ್ರೋ ಬಳಸಿ ಎರಡು ಕವಲು ಬರೆಯಬೇಕಾಯಿತು. ಮೊದಲ ತರದ ಬದಲಾವಣೆಯನ್ನು ಕಂಡ ಕೂಡಲೇ ಮಾಡಿ ಮುಗಿಸಿ. ಎರಡನೆಯದಾದರೆ ಹಳೆಯ ಆವೃತ್ತಿಯ ಬೆಂಬಲ ನಿಜಕ್ಕೂ ಯಾರಿಗೆ ಬೇಕಿದೆ ಎಂದು ಮೊದಲು ಕೇಳಿಕೊಳ್ಳಿ.

ಕಂಪೈಲರ್ ಜೊತೆಗೇ ಬರುವ ‘ಬೇಸ್’ ಪ್ಯಾಕೇಜ್‌ಗೆ ಈ ಸ್ವಾತಂತ್ರ್ಯವಿಲ್ಲ. ಹ್ಯಾಸ್ಕೆಲ್‌ನ ಮುಖ್ಯ ಕಂಪೈಲರ್ ಆದ ಜಿಎಚ್‌ಸಿಯ 9.2ರ ಜೊತೆ ಬೇಸ್ 4.16, 9.4ರ ಜೊತೆ 4.17, 9.6ರ ಜೊತೆ 4.18, 9.8ರ ಜೊತೆ 4.19 ಬರುತ್ತದೆ. ಬೇಸ್‌ಗೆ ಬರೆದ ಮೇಲ್ಮಿತಿ ನೇರವಾಗಿ ಕಂಪೈಲರ್‌ಗೆ ಬರೆದ ಮೇಲ್ಮಿತಿಯೇ. ಕ್ಯಾಬಲ್ ಫೈಲ್‌ನ ‘ಟೆಸ್ಟೆಡ್-ವಿತ್’ ಸಾಲಿನಲ್ಲಿ ಕಂಪೈಲರ್‌ಗಳನ್ನು ನಮೂದಿಸಿದರೆ ‘ಹ್ಯಾಸ್ಕೆಲ್-ಸಿಐ’ ಉಪಕರಣ ಅಷ್ಟಕ್ಕೂ ಪರೀಕ್ಷೆ ಓಡಿಸುವ ಗಿಟ್‌ಹಬ್ ಫೈಲ್ ಬರೆದುಕೊಡುತ್ತದೆ.

ನಮ್ಮನ್ನು ನೆಚ್ಚಿದವರು ಯಾರು?

ಈಗ ದಿಕ್ಕು ತಿರುಗಿಸೋಣ. ಹ್ಯಾಕೇಜ್‌ನಲ್ಲಿ ಯಾವುದೇ ಪ್ಯಾಕೇಜ್‌ನ ಪುಟದ ವಿಳಾಸದ ಕೊನೆಗೆ ‘/ರಿವರ್ಸ್’ ಎಂದು ಸೇರಿಸಿದರೆ ಅದನ್ನು ನೆಚ್ಚಿದ ಪ್ಯಾಕೇಜ್‌ಗಳ ಪಟ್ಟಿ ತೆರೆದುಕೊಳ್ಳುತ್ತದೆ. ನೇರವಾಗಿ ನೆಚ್ಚಿದವರ ಎಣಿಕೆ ಬೇರೆ, ಇನ್ನೊಬ್ಬರ ಮೂಲಕ ನೆಚ್ಚಿದವರ ಎಣಿಕೆ ಬೇರೆ. ಎರಡನೆಯ ಸಂಖ್ಯೆ ನೋಡಿ ಹಿಗ್ಗಬೇಡಿ, ಹೆದರಲೂ ಬೇಡಿ. ನಿಮ್ಮ ಫಂಕ್ಷನ್‌ನ ಟೈಪ್ ಬದಲಾದರೆ ಮೊದಲು ಮುರಿಯುವುದು ನೇರವಾಗಿ ನೆಚ್ಚಿದವರ ಕೋಡ್. ಪರೋಕ್ಷ ಸಂಖ್ಯೆಯ ಉಪಯೋಗ ಬೇರೆ ಬಗೆಯದು: ನಿಮ್ಮನ್ನು ನೇರವಾಗಿ ನೆಚ್ಚಿದ ಪ್ರತಿಯೊಂದಕ್ಕೂ ತಾನೇ ಎಷ್ಟು ಹಿಮ್ಮುಖ ಅವಲಂಬನೆಗಳಿವೆ ಎಂದು ನೋಡಿ ಆ ಕ್ರಮದಲ್ಲಿ ಜೋಡಿಸಿಕೊಂಡರೆ, ಯಾರಿಗೆ ಮೊದಲು ಪತ್ರ ಬರೆಯಬೇಕು, ಯಾರಿಗೆ ಪ್ಯಾಚ್ ಕಳುಹಿಸಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಹತ್ತು ಪ್ಯಾಕೇಜ್‌ಗಳ ಪೈಕಿ ಒಂದೆರಡು ದಾಟಿದರೆ ಉಳಿದವರ ದಾರಿಯೂ ತೆರೆಯುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಸ್ಟ್ಯಾಕೇಜ್ ಇನ್ನೊಂದು ಕಿಟಕಿ. ಅದು ಒಟ್ಟಿಗೆ ಕಂಪೈಲ್ ಆಗುತ್ತವೆಂದು ಪರೀಕ್ಷಿಸಿದ ಆವೃತ್ತಿಗಳ ಸಂಗ್ರಹ. ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವುದು) ಮತ್ತು ನೈಟ್ಲಿ (ಅತಿ ಹೊಸದು) ಎಂಬ ಎರಡು ಸಾಲುಗಳಲ್ಲಿ ಹೊರಬರುತ್ತದೆ. ಅದರ ಪ್ಯಾಕೇಜ್ ಪುಟದಲ್ಲಿ ಆ ಸಂಗ್ರಹದೊಳಗೆ ಎಷ್ಟು ಪ್ಯಾಕೇಜ್‌ಗಳು ಇದನ್ನು ಬಳಸುತ್ತಿವೆ ಎಂದು ಕಾಣುತ್ತದೆ. ಹ್ಯಾಕೇಜ್‌ನ ಪಟ್ಟಿಯಲ್ಲಿ ವರ್ಷಗಳಿಂದ ಯಾರೂ ಮುಟ್ಟದ ಪ್ಯಾಕೇಜ್‌ಗಳೂ ಇರುತ್ತವೆ. ಸ್ಟ್ಯಾಕೇಜ್‌ನ ಪಟ್ಟಿಯಲ್ಲಿ ಇರುವವು ಜೀವಂತವಾದವು. ಇನ್ನೊಂದು ಲಾಭವೂ ಉಂಟು. ಒಂದು ಸಂಗ್ರಹದಲ್ಲಿ ಪ್ರತಿ ಪ್ಯಾಕೇಜ್‌ಗೆ ಒಂದೇ ಆವೃತ್ತಿ ಇರುವುದರಿಂದ, ಒಬ್ಬರು ಹಿಂದುಳಿದರೆ ಎಲ್ಲರೂ ನಿಲ್ಲಬೇಕಾಗುತ್ತದೆ. ಆಗ ಅದರ ಉಸ್ತುವಾರಿ ನೋಡುವವರು ಹೊಸ ಆವೃತ್ತಿಗೆ ತಾತ್ಕಾಲಿಕ ಮೇಲ್ಮಿತಿ ಹಾಕಿ, ಯಾರಿಂದ ತಡೆಯಾಗಿದೆ ಎಂಬ ಪಟ್ಟಿಯೊಂದಿಗೆ ಗಿಟ್‌ಹಬ್‌ನಲ್ಲಿ ಇಶ್ಯೂ ತೆರೆಯುತ್ತಾರೆ. ನಿಮ್ಮ ಪ್ಯಾಕೇಜ್‌ನ ಹೆಸರಲ್ಲಿ ಅಂಥದೊಂದು ತೆರೆದಿದ್ದರೆ, ಯಾರ ಬಾಗಿಲು ತಟ್ಟಬೇಕೆಂಬ ಪಟ್ಟಿ ಸಿದ್ಧವಾಗಿಯೇ ನಿಮ್ಮ ಮುಂದಿರುತ್ತದೆ.

ಆದರೆ ಈ ಎರಡು ಪಟ್ಟಿಗಳೂ ಪೂರ್ಣವಲ್ಲ. ಹ್ಯಾಕೇಜ್‌ಗೆ ಏರಿಸಿದ ಪ್ಯಾಕೇಜ್‌ಗಳು ಮಾತ್ರ ಅದರ ಪಟ್ಟಿಯಲ್ಲಿ ಬರುತ್ತವೆ. ಬೆಂಗಳೂರಿನಲ್ಲಿ ದಿನವೂ ಆಟೋ ಹಿಡಿಯಲು ಜನ ತೆರೆಯುವ ‘ನಮ್ಮ ಯಾತ್ರಿ’ಯ ಸರ್ವರ್ ಭಾಗ ಹ್ಯಾಸ್ಕೆಲ್‌ನಲ್ಲಿದೆ, ಅದರ ಕೋಡ್ ಗಿಟ್‌ಹಬ್‌ನಲ್ಲಿ ತೆರೆದಿದೆ. ಅಂಥ ಅಪ್ಲಿಕೇಶನ್‌ಗಳು ನೂರಾರು ಗ್ರಂಥಾಲಯಗಳ ಮೇಲೆ ನಿಂತಿರುತ್ತವೆ, ಆದರೆ ಅಪ್ಲಿಕೇಶನ್ ಅನ್ನು ಯಾರೂ ಹ್ಯಾಕೇಜ್‌ಗೆ ಏರಿಸುವುದಿಲ್ಲವಾದ್ದರಿಂದ ಯಾವ ಗ್ರಂಥಾಲಯದ ಹಿಮ್ಮುಖ ಪಟ್ಟಿಯಲ್ಲೂ ಅವು ಕಾಣುವುದಿಲ್ಲ. ಮುಚ್ಚಿದ ಕೋಡ್ ಇಟ್ಟುಕೊಂಡ ಕಂಪನಿಗಳ ಮಾತಂತೂ ಬೇರೆಯೇ. ಪಟ್ಟಿ ಖಾಲಿಯಿದೆ ಎಂದರೆ ಯಾರೂ ಬಳಸುತ್ತಿಲ್ಲ ಎಂದಲ್ಲ. ಬಳಸುವ ಫಂಕ್ಷನ್‌ನ ಹೆಸರನ್ನೇ ಗಿಟ್‌ಹಬ್‌ನ ಕೋಡ್ ಹುಡುಕಾಟದಲ್ಲಿ ಹುಡುಕಿದರೆ ಈ ಕೊರತೆ ಸ್ವಲ್ಪ ಮಟ್ಟಿಗೆ ತುಂಬುತ್ತದೆ.

ಲೆಕ್ಕವನ್ನು ನಾವೇ ಹಾಕುವುದು

ಪುಟದಲ್ಲಿ ಕಾಣುವ ಪಟ್ಟಿಗಿಂತ ಸೂಕ್ಷ್ಮವಾದ ಪ್ರಶ್ನೆಗಳಿದ್ದಾಗ, ಉದಾಹರಣೆಗೆ ‘ನನ್ನ 1.5ನೆಯ ಆವೃತ್ತಿಯನ್ನು ಈಗಾಗಲೇ ಒಳಬಿಡುವ ಮಿತಿ ಬರೆದವರು ಯಾರು, ಬಿಡದವರು ಯಾರು’ ಎಂದು ತಿಳಿಯಬೇಕಾದಾಗ, ಇಂಡೆಕ್ಸ್ ಅನ್ನೇ ಓದಬೇಕು. ಅದು ಈಗಾಗಲೇ ನಿಮ್ಮ ಯಂತ್ರದಲ್ಲಿದೆ. ಮನೆ ಡೈರೆಕ್ಟರಿಯ ‘.ಕ್ಯಾಬಲ್’ ಒಳಗಿನ ‘ಪ್ಯಾಕೇಜಸ್’ನಲ್ಲಿ, ಅಥವಾ ಹೊಸ ವ್ಯವಸ್ಥೆಯಲ್ಲಾದರೆ ‘.ಕ್ಯಾಶೆ’ ಅಡಿಯಲ್ಲಿರುವ ‘ಕ್ಯಾಬಲ್’ನಲ್ಲಿ, ‘01-ಇಂಡೆಕ್ಸ್.ಟಾರ್’ ಎಂಬ ಫೈಲ್ ಇರುತ್ತದೆ. ಹ್ಯಾಕೇಜ್‌ನ ಪ್ರತಿ ಪ್ಯಾಕೇಜ್‌ನ ಪ್ರತಿ ಆವೃತ್ತಿಯ ಕ್ಯಾಬಲ್ ಫೈಲ್ ಅದರೊಳಗಿದೆ.

ಈ ಟಾರ್ ಫೈಲ್ ಸದಾ ಕೊನೆಗೆ ಸೇರಿಸುತ್ತಲೇ ಹೋಗುವಂಥದ್ದು, ಹಳೆಯದನ್ನು ಅಳಿಸುವುದಿಲ್ಲ. ಬಿಡುಗಡೆಯಾದ ಪ್ಯಾಕೇಜ್‌ನ ಮಿತಿಗಳನ್ನು ಆಮೇಲೆ ತಿದ್ದಿದರೆ, ಅದೇ ಹೆಸರಿನ ಫೈಲ್ ಮತ್ತೊಮ್ಮೆ ಕೊನೆಗೆ ಬಂದು ಕೂರುತ್ತದೆ. ಆದ್ದರಿಂದ ಸಾಮಾನ್ಯ ‘ಟಾರ್’ ಕಮಾಂಡ್‌ನಿಂದ ಬಿಚ್ಚಿದರೆ ನಂತರದ್ದು ಮೊದಲಿನದನ್ನು ಅಳಿಸಿ, ಕೊನೆಯ ತಿದ್ದುಪಡಿಯೇ ಕೈಗೆ ಸಿಗುತ್ತದೆ. ಕಳೆದ ವರ್ಷದ ಒಂದು ದಿನ ಸ್ಥಿತಿ ಹೇಗಿತ್ತೆಂದು ನೋಡಬೇಕಿದ್ದರೆ ‘ಕ್ಯಾಬಲ್.ಪ್ರಾಜೆಕ್ಟ್’ ಫೈಲ್‌ನಲ್ಲಿ ‘ಇಂಡೆಕ್ಸ್-ಸ್ಟೇಟ್’ ಸಾಲಿಗೆ ಆ ದಿನಾಂಕ ಕೊಟ್ಟರೆ, ಅಲ್ಲಿಯವರೆಗಿನ ನಮೂದುಗಳನ್ನಷ್ಟೇ ಕ್ಯಾಬಲ್ ಪರಿಗಣಿಸುತ್ತದೆ.

ಬಿಚ್ಚಿದ ಫೈಲ್‌ಗಳ ಮೇಲೆ ‘ಗ್ರೆಪ್’ ಓಡಿಸುವ ಆಸೆ ಎಲ್ಲರಿಗೂ ಆಗುತ್ತದೆ, ನನಗೂ ಆಗಿತ್ತು. ‘ಟೆಕ್ಸ್ಟ್’ ಎಂಬ ಪ್ಯಾಕೇಜ್‌ಗೆ ಹೀಗೆ ಹುಡುಕಿ ನೋಡಿ: ವಿವರಣೆಯ ಸಾಲುಗಳಲ್ಲಿ ಬಂದ ಅದೇ ಪದ, ‘ಟೆಕ್ಸ್ಟ್-ಐಸಿಯು’ ಎಂಬ ಬೇರೆಯೇ ಪ್ಯಾಕೇಜ್, ಮಾಡ್ಯೂಲ್‌ಗಳ ಹೆಸರು ಎಲ್ಲವೂ ಬಲೆಗೆ ಬೀಳುತ್ತವೆ. ಮೇಲಾಗಿ ಷರತ್ತುಗಳ ಕವಲಿನೊಳಗೆ ಬರೆದ ಅವಲಂಬನೆ ಯಾವುದು, ಪರೀಕ್ಷೆಗೆ ಮಾತ್ರ ಬೇಕಾದದ್ದು ಯಾವುದು ಎಂಬ ಭೇದ ತಿಳಿಯುವುದಿಲ್ಲ. ಕ್ಯಾಬಲ್ ಗ್ರಂಥಾಲಯದ ಪಾರ್ಸರ್ ಅನ್ನೇ ಬಳಸುವುದು ಸರಿಯಾದ ದಾರಿ. ಇಂಡೆಕ್ಸ್ ಓದುವ ಮೊದಲ ಶ್ರಮವನ್ನು ‘ಕ್ಯಾಬಲ್-ಇನ್‌ಸ್ಟಾಲ್-ಪಾರ್ಸರ್ಸ್’ ಪ್ಯಾಕೇಜ್‌ನ ‘ಕ್ಯಾಬಲ್.ಇಂಡೆಕ್ಸ್’ ಮಾಡ್ಯೂಲ್ ಉಳಿಸುತ್ತದೆ. ಪ್ರತಿ ಪ್ಯಾಕೇಜ್‌ಗೆ ಅತಿ ಹೊಸ ಆವೃತ್ತಿಯನ್ನು ಮಾತ್ರ ತೆಗೆದುಕೊಳ್ಳಿ, ನಿರ್ವಾಹಕರೇ ಬಳಸಬೇಡಿ ಎಂದು ಗುರುತು ಹಾಕಿದ ಆವೃತ್ತಿಗಳನ್ನು ಬಿಡಿ, ಗ್ರಂಥಾಲಯ ಭಾಗದ ಅವಲಂಬನೆಯನ್ನೂ ಪರೀಕ್ಷಾ ಭಾಗದ್ದನ್ನೂ ಬೇರೆ ಬೇರೆ ಕಾಲಂಗಳಲ್ಲಿ ಇಡಿ. ಪರೀಕ್ಷೆಗೆ ಮಾತ್ರ ನಿಮ್ಮನ್ನು ಬಳಸುವವರು ಮುರಿದರೂ ಅವರ ಬಳಕೆದಾರರಿಗೆ ತೊಂದರೆಯಾಗುವುದಿಲ್ಲ.

ಬಿಡುಗಡೆಗೆ ಮುನ್ನ ಅವರ ಕೋಡ್ ಅನ್ನು ನಾವೇ ಕಂಪೈಲ್ ಮಾಡಿ ನೋಡುವುದು

ಪಟ್ಟಿ ಕೈಗೆ ಬಂದ ಮೇಲೆ ನಿಜವಾದ ಕೆಲಸ ಆರಂಭ. ಮುಖ್ಯವೆನಿಸಿದ ಪ್ರತಿ ಪ್ಯಾಕೇಜ್ ಅನ್ನು ‘ಕ್ಯಾಬಲ್ ಗೆಟ್’ ಕಮಾಂಡ್‌ನಿಂದ ಒಂದು ಖಾಲಿ ಡೈರೆಕ್ಟರಿಗೆ ಇಳಿಸಿಕೊಳ್ಳಿ. ಅದರ ಪಕ್ಕದಲ್ಲಿ ಒಂದು ‘ಕ್ಯಾಬಲ್.ಪ್ರಾಜೆಕ್ಟ್’ ಫೈಲ್ ಬರೆದು, ‘ಪ್ಯಾಕೇಜಸ್’ ಸಾಲಿನಲ್ಲಿ ಆ ಪ್ಯಾಕೇಜ್ ಮತ್ತು ನಿಮ್ಮ ಪ್ಯಾಕೇಜ್‌ನ ಹೊಸ ಕೋಡ್ ಎರಡನ್ನೂ ಸೇರಿಸಿ, ‘ಅಲೌ-ನ್ಯೂಯರ್’ ಸಾಲಿನಲ್ಲಿ ನಿಮ್ಮ ಪ್ಯಾಕೇಜ್‌ನ ಹೆಸರು ಬರೆಯಿರಿ. ಇಷ್ಟಾದರೆ ಅವರು ಬರೆದ ಮೇಲ್ಮಿತಿ ತಾತ್ಕಾಲಿಕವಾಗಿ ಬದಿಗೆ ಸರಿದು, ನಿಮ್ಮ ಹೊಸ ಕೋಡ್‌ನೊಂದಿಗೆ ಅವರ ಕೋಡ್ ಕಂಪೈಲ್ ಆಗುತ್ತದೆಯೇ ಎಂಬ ಉತ್ತರ ಸಿಗುತ್ತದೆ.

ಎಲ್ಲ ಪ್ಯಾಕೇಜ್‌ಗಳನ್ನೂ ಒಂದೇ ಪ್ರಾಜೆಕ್ಟ್‌ನಲ್ಲಿ ತುಂಬಬೇಡಿ. ಒಂದು ಪ್ರಾಜೆಕ್ಟ್‌ಗೆ ಒಂದೇ ಪ್ಲಾನ್. ಒಬ್ಬರಿಗೆ ಹಳೆಯ ಎಂಟಿಎಲ್ ಬೇಕು, ಇನ್ನೊಬ್ಬರಿಗೆ ಹೊಸದು ಬೇಕು ಎಂದಾದರೆ ಯಾವುದೂ ನಡೆಯುವುದಿಲ್ಲ. ಪ್ರತಿಯೊಂದಕ್ಕೂ ಪ್ರತ್ಯೇಕ ಪ್ರಾಜೆಕ್ಟ್ ಇಟ್ಟು ಒಂದು ಸಣ್ಣ ಶೆಲ್ ಲೂಪ್‌ನಲ್ಲಿ ಓಡಿಸಿ. ಹ್ಯಾಕೇಜ್‌ನಿಂದ ತಂದ ಹಂಚಿಕೆಯ ಅವಲಂಬನೆಗಳು ಕ್ಯಾಬಲ್‌ನ ಸ್ಟೋರ್‌ನಲ್ಲಿ ಉಳಿಯುವುದರಿಂದ ಪ್ರತಿ ಬಾರಿ ಎಲ್ಲವನ್ನೂ ಮೊದಲಿನಿಂದ ಕಂಪೈಲ್ ಮಾಡಬೇಕಿಲ್ಲ.

ಮತ್ತು ಇದನ್ನು ದಯವಿಟ್ಟು ಬಿಡಬೇಡಿ: ಹೊಸ ಕೋಡ್‌ನೊಂದಿಗೆ ಓಡಿಸುವ ಮೊದಲು, ಈಗ ಹ್ಯಾಕೇಜ್‌ನಲ್ಲಿರುವ ನಿಮ್ಮ ಹಳೆಯ ಆವೃತ್ತಿಯೊಂದಿಗೇ ಅವೆಲ್ಲವನ್ನೂ ಒಮ್ಮೆ ಕಂಪೈಲ್ ಮಾಡಿ ಫಲಿತಾಂಶ ಬರೆದಿಟ್ಟುಕೊಳ್ಳಿ. ಕೆಲವು ಪ್ಯಾಕೇಜ್‌ಗಳು ನಿಮ್ಮ ಬದಲಾವಣೆಗೆ ಮೊದಲೇ, ಬೇರೆ ಕಾರಣಕ್ಕೆ ಮುರಿದಿರುತ್ತವೆ. ಈ ಮೊದಲ ಸುತ್ತು ಇಲ್ಲದಿದ್ದರೆ ಯಾರದೋ ಹಳೆಯ ದೋಷವನ್ನು ನಿಮ್ಮದೆಂದು ತಿಳಿದು ಸಂಜೆಯೆಲ್ಲ ಕಳೆಯುತ್ತೀರಿ.

ಎರಡು ಸುತ್ತುಗಳ ವ್ಯತ್ಯಾಸದಲ್ಲಿ ಉಳಿದವರೇ ನೀವು ಉತ್ತರಿಸಬೇಕಾದವರು. ಒಂದೇ ಫಂಕ್ಷನ್ ತೆಗೆದದ್ದರಿಂದ ಹಲವರು ಮುರಿದಿದ್ದರೆ, ಅದನ್ನು ಈ ಆವೃತ್ತಿಯಲ್ಲಿ ಉಳಿಸಿ, ‘ಡೆಪ್ರಿಕೇಟೆಡ್’ ಪ್ರಾಗ್ಮಾದೊಂದಿಗೆ ಬದಲಿ ಯಾವುದೆಂದು ಹೇಳಿ, ಮುಂದಿನ ದೊಡ್ಡ ಆವೃತ್ತಿಯಲ್ಲಿ ತೆಗೆಯಿರಿ. ಇಬ್ಬರೋ ಮೂವರೋ ಆದರೆ ಅವರಿಗೆ ನೇರವಾಗಿ ಪ್ಯಾಚ್ ಕಳುಹಿಸುವುದೇ ಲೇಸು.

ಬಿಡುಗಡೆಯ ನಂತರ: ಮಿತಿಗಳ ತಿದ್ದುಪಡಿ

ಕಂಪೈಲ್ ಆದ ಪ್ಯಾಕೇಜ್‌ಗಳಿಗೆ ಹೊಸ ಬಿಡುಗಡೆ ಬೇಕಿಲ್ಲ, ಮೇಲ್ಮಿತಿ ಸಡಿಲಿಸಿದರೆ ಸಾಕು. ಇದಕ್ಕೇ ಹ್ಯಾಕೇಜ್‌ನಲ್ಲಿ ರಿವಿಷನ್ ಎಂಬ ವ್ಯವಸ್ಥೆಯಿದೆ. ಕೋಡ್ ಮುಟ್ಟದೆ, ಕ್ಯಾಬಲ್ ಫೈಲ್‌ನ ಮಿತಿಗಳಂಥ ವಿವರಗಳನ್ನು ನಿರ್ವಾಹಕರು ಹ್ಯಾಕೇಜ್ ಪುಟದಲ್ಲೇ ತಿದ್ದಬಹುದು; ಆವೃತ್ತಿ ಸಂಖ್ಯೆ ಬದಲಾಗುವುದಿಲ್ಲ, ‘ಎಕ್ಸ್-ರಿವಿಷನ್’ ಎಂಬ ಸಾಲಿನ ಸಂಖ್ಯೆ ಏರುತ್ತದೆ. ತಮ್ಮ ಬಿಲ್ಡ್ ಪ್ರತಿ ಬಾರಿ ಒಂದೇ ತೆರನಾಗಿ ನಡೆಯಬೇಕೆನ್ನುವವರು ಆವೃತ್ತಿ ಸಂಖ್ಯೆಯನ್ನಷ್ಟೇ ಕಟ್ಟಿಹಾಕಿದರೆ ಸಾಲದು, ‘ಇಂಡೆಕ್ಸ್-ಸ್ಟೇಟ್’ ಅನ್ನೂ ನಿಗದಿಪಡಿಸಬೇಕು ಎಂಬುದಕ್ಕೆ ಇದೇ ಕಾರಣ.

ಸಡಿಲಿಸುವುದಕ್ಕಿಂತ ಬಿಗಿಗೊಳಿಸುವುದು ಹೆಚ್ಚು ತುರ್ತಿನ ಕೆಲಸ, ಮತ್ತು ಬಹಳ ಜನ ಮರೆಯುವುದು ಅದನ್ನೇ. ಒಂದು ಪ್ಯಾಕೇಜ್‌ನ ಈಗಿನ ಆವೃತ್ತಿ ‘ಈಸನ್ <2’ ಎಂದು ಸರಿಯಾಗಿ ಬರೆದಿದೆ ಎನ್ನೋಣ. ಆದರೆ ಹಲವು ವರ್ಷ ಹಿಂದಿನ ಅದರ ಆವೃತ್ತಿಯೊಂದರಲ್ಲಿ ಈಸನ್‌ಗೆ ಮೇಲ್ಮಿತಿಯೇ ಇಲ್ಲ. ಬಳಕೆದಾರರು ಈಸನ್ 2 ಬೇಕೆಂದು ಕೇಳಿದಾಗ ಸಾಲ್ವರ್ ಹೊಸ ಆವೃತ್ತಿಯನ್ನು ತಿರಸ್ಕರಿಸುತ್ತದೆ, ಒಂದೊಂದೇ ಹಿಂದೆ ಹೋಗುತ್ತದೆ, ಕೊನೆಗೆ ಆ ಮಿತಿಯಿಲ್ಲದ ಹಳೆಯ ಆವೃತ್ತಿಯನ್ನು ಒಪ್ಪಿಕೊಂಡುಬಿಡುತ್ತದೆ. ಬಳಕೆದಾರರಿಗೆ ಕಾಣುವುದು ಮಿತಿಯ ತೊಡಕಲ್ಲ, ಎಂದೋ ಬರೆದ ಕೋಡ್‌ನಲ್ಲಿನ ಅರ್ಥವಾಗದ ಟೈಪ್ ದೋಷ. ಅವರು ಹೊಸ ಆವೃತ್ತಿಯ ಕೋಡ್‌ನಲ್ಲಿ ಆ ಸಾಲನ್ನು ಹುಡುಕುತ್ತಾರೆ, ಅದು ಅಲ್ಲಿರುವುದೇ ಇಲ್ಲ.

ಹೀಗಾಗಿ ಹೊಸ ಆವೃತ್ತಿಯ ಮಿತಿ ಸರಿಪಡಿಸಿದ ದಿನವೇ ಹಳೆಯ ಆವೃತ್ತಿಗಳ ಸಾಲನ್ನೂ ತೆರೆದು, ಮೇಲ್ಮಿತಿ ಇಲ್ಲದವುಗಳಿಗೆಲ್ಲ ರಿವಿಷನ್ ಮೂಲಕ ಮಿತಿ ಸೇರಿಸಿ. ಅದು ನಿಮ್ಮ ಪ್ಯಾಕೇಜ್ ಅಲ್ಲದೆ ನಿಮ್ಮನ್ನು ನೆಚ್ಚಿದವರದ್ದಾಗಿದ್ದರೆ ಮೊದಲು ಅವರಿಗೆ ಬರೆಯಿರಿ. ಉತ್ತರ ಬಾರದಿದ್ದರೆ ಹ್ಯಾಕೇಜ್ ಟ್ರಸ್ಟಿಗಳು ಎಂಬ ಸ್ವಯಂಸೇವಕರ ಗುಂಪಿಗೆ ಗಿಟ್‌ಹಬ್‌ನಲ್ಲಿ ಇಶ್ಯೂ ತೆರೆದು, ಯಾವ ಆವೃತ್ತಿಯಿಂದ ಯಾವ ಆವೃತ್ತಿಯವರೆಗೆ ಯಾವ ಮಿತಿ ಬೇಕು ಎಂದು ಕಂಪೈಲರ್‌ನ ದೋಷ ಸಂದೇಶದೊಂದಿಗೆ ತಿಳಿಸಿ. ಬೇರೆಯವರ ಪ್ಯಾಕೇಜ್‌ಗಳ ಮಿತಿ ತಿದ್ದುವ ಅಧಿಕಾರ ಅವರಿಗಿದೆ. ತಿದ್ದುಪಡಿ ಬಿದ್ದ ಮೇಲೆ ‘ಕ್ಯಾಬಲ್ ಅಪ್‌ಡೇಟ್’ ಕೊಟ್ಟು, ಹೊಸದೊಂದು ಖಾಲಿ ಡೈರೆಕ್ಟರಿಯಲ್ಲಿ ಆ ಪ್ಯಾಕೇಜ್ ಮತ್ತು ಅದರ ಅವಲಂಬನೆಯ ಹೊಸ ಆವೃತ್ತಿ ಎರಡನ್ನೂ ಕೇಳಿ ‘--ಡ್ರೈ-ರನ್’ ಓಡಿಸಿ. ಸಾಲ್ವರ್ ಈಗ ಹೊಸ ಆವೃತ್ತಿಯನ್ನು ಆರಿಸಬೇಕು, ಇಲ್ಲವೇ ಯಾವ ಮಿತಿ ಅಡ್ಡ ಬಂತೆಂದು ಹೆಸರಿಟ್ಟು ಹೇಳಿ ನಿಲ್ಲಬೇಕು. ಇನ್ನೂ ಯಾವುದಾದರೂ ಹಳೆಯ ಸಂಖ್ಯೆ ಪ್ಲಾನ್‌ನಲ್ಲಿ ಕಂಡರೆ, ಮಿತಿ ಇಲ್ಲದ ಇನ್ನೊಂದು ಆವೃತ್ತಿ ಆ ಸಾಲಿನಲ್ಲಿ ಉಳಿದುಕೊಂಡಿದೆ ಎಂದು ತಿಳಿದು ಮತ್ತೆ ಅಲ್ಲಿಂದ ಹುಡುಕಿ.